ಸೆರ್ದಾನ್ಯದ ಹಳ್ಳಿ ಯಾವ ಕಚೇರಿಗೆ ಸೇರಿದ್ದು? ಗುರುತಿಸುವ ಬಗೆ

ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಗೋಡೆಯಂತೆ ನಿಂತಿರುವ ಪಿರೆನೀಸ್ ಪರ್ವತಗಳ ಪೂರ್ವ ಭಾಗದಲ್ಲಿ ಸೆರ್ದಾನ್ಯ ಎಂಬ ಎತ್ತರದ ಬಯಲಿದೆ. ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ, ಸುತ್ತ ಬೆಟ್ಟ, ನಡುವೆ ಸೇಗ್ರ್ ನದಿ. ಬಯಲು ಒಂದೇ, ಮನೆಮಾತು ಒಂದೇ ಕ್ಯಾಟಲಾನ್. ಆದರೆ 1659ರ ನವೆಂಬರ್ 7ರಂದು ಸಹಿಯಾದ ಪಿರೆನೀಸ್ ಒಪ್ಪಂದ ಅದನ್ನು ಎರಡು ದೇಶಗಳಿಗೆ ಹಂಚಿತು. ಗಡಿ ಪರ್ವತದ ನೆತ್ತಿಯ ಮೇಲೆ ಹೋಗಬೇಕೆಂಬುದು ಅಂದಿನ ಮಾತು. ಇಲ್ಲಿ ಮಾತ್ರ ಅದು ನೆತ್ತಿ ಬಿಟ್ಟು ಬಯಲಿಗೆ ಇಳಿಯಿತು. ಹಾಗಾಗಿ ಫ್ರಾನ್ಸಿನ ಸೆರ್ದಾನ್ಯದಲ್ಲಿ ಬಿದ್ದ ಮಳೆನೀರು ಸ್ಪೇನಿನ ಎಬ್ರೊ ನದಿಗೆ ಹರಿಯುತ್ತದೆ.

ಇಲ್ಲಿನ ಒಂದು ಹಳ್ಳಿಯ ವಿಳಾಸಕ್ಕೆ ಕಾಗದ ಕಳಿಸಬೇಕಾದವರು, ಅಲ್ಲಿ ಮನೆ ಮಾಡಿದ ಮಗನನ್ನೋ ಮಗಳನ್ನೋ ನೋಡಲು ಬೆಂಗಳೂರಿನಿಂದ ಹೊರಟ ತಂದೆತಾಯಿ, ತುಲೂಸ್‌ನಲ್ಲಿ ಓದುತ್ತ ರಜೆಗೆ ಬೆಟ್ಟ ಹತ್ತುವ ವಿದ್ಯಾರ್ಥಿಗಳು, ಹಳೆಯ ದಾಖಲೆ ಹುಡುಕುವವರು, ಎಲ್ಲರೂ ಎಡವುವುದು ಒಂದೇ ಕಡೆ. ಒಂದೇ ಹಳ್ಳಿ ಏಳೆಂಟು ಬೇರೆ ಬೇರೆ ವಲಯಗಳಿಗೆ ಸೇರಿರುತ್ತದೆ. ಅದರಲ್ಲಿ ಯಾವುದೋ ಒಂದನ್ನು ಹಿಡಿದು ತಪ್ಪು ಕಚೇರಿಯ ಬಾಗಿಲು ತಟ್ಟುತ್ತಾರೆ. ಇಲ್ಲಿ ನೂರು ಕಿಲೋಮೀಟರ್ ಘಾಟಿ ರಸ್ತೆಯ ತಪ್ಪು ಎಂದರೆ ಒಂದು ಇಡೀ ದಿನ ಹೋಯಿತೆಂದೇ ಲೆಕ್ಕ. ಆದ್ದರಿಂದ ಮೊದಲು ಕೆಲಸ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಊರು, ಆಮೇಲೆ ಕಚೇರಿ.

ಮೊದಲು ಕಮ್ಯೂನ್ ಗಟ್ಟಿಯಾಗಲಿ

ಫ್ರಾನ್ಸಿನಲ್ಲಿ ತಳದ ಘಟಕದ ಹೆಸರು ಕಮ್ಯೂನ್. ದೇಶದಲ್ಲಿ ಸುಮಾರು 35 ಸಾವಿರ ಇವೆ. ಸೆರ್ದಾನ್ಯದ ಫ್ರೆಂಚ್ ಭಾಗ ಇರುವ ಪಿರೆನೆ-ಓರಿಯಾಂತಾಲ್ ಜಿಲ್ಲೆಯೊಂದರಲ್ಲೇ 226. ಇದನ್ನು ನಮ್ಮ ಗ್ರಾಮ ಪಂಚಾಯಿತಿ ಎಂದು ತಿಳಿಯುವುದು ಅರ್ಧ ಸರಿ. ಕರ್ನಾಟಕದ 1993ರ ಕಾಯ್ದೆಯಲ್ಲಿ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆ ಎಂಬ ಅಳತೆ ಇತ್ತು, ಮಲೆನಾಡು ಕರಾವಳಿಯ ಜಿಲ್ಲೆಗಳಿಗೆ 2,500ರ ರಿಯಾಯಿತಿ. ಅದಕ್ಕಾಗಿ ನಾಲ್ಕಾರು ಹಳ್ಳಿ ಸೇರಿ ಒಂದು ಪಂಚಾಯಿತಿ ಆಗುತ್ತದೆ. ಕಮ್ಯೂನಿಗೆ ಅಂಥ ಕನಿಷ್ಠ ಮಿತಿಯೇ ಇಲ್ಲ. ಐವತ್ತು ಜನರ ಊರಿಗೂ ತನ್ನದೇ ಮೇಯರ್, ತನ್ನದೇ ಬಜೆಟ್, ತನ್ನದೇ ಜನನ ಮರಣ ಪುಸ್ತಕ. ನೂರಕ್ಕಿಂತ ಕಡಿಮೆ ಜನರಿದ್ದರೆ ಊರಿನ ಮಂಡಳಿಗೆ ಸದಸ್ಯರು 7. 100ರಿಂದ 499ರವರೆಗೆ 11. 500ರಿಂದ 1,499ರವರೆಗೆ 15. ಸಾವಿರಕ್ಕಿಂತ ಸಣ್ಣ ಊರುಗಳಲ್ಲಿ ಮತದಾರರು ಚೀಟಿಯಲ್ಲಿ ಹೆಸರು ಹೊಡೆದುಹಾಕಿ ಬೇರೆ ಹೆಸರು ಸೇರಿಸುವ ಹಳೆಯ ಪದ್ಧತಿ ಇತ್ತು. 2025ರ ಕಾನೂನಿನಿಂದಾಗಿ 2026ರ ಚುನಾವಣೆಯಿಂದ ಅಲ್ಲಿಗೂ ಹೆಸರು ಬದಲಿಸದೆ ಇಡೀ ಪಟ್ಟಿಗೇ ಮತ ಹಾಕುವ ಪದ್ಧತಿ ಬಂದಿದೆ. ಹಳೆಯ ಮಾರ್ಗದರ್ಶಿಗಳನ್ನು ಓದುವಾಗ ಇದು ನೆನಪಿರಲಿ.

ನೀವು ಹಿಡಿದಿರುವ ಊರಿನ ಹೆಸರು ನಿಜಕ್ಕೂ ಕಮ್ಯೂನೇ, ಅಥವಾ ಅದರೊಳಗಿನ ಮಜರೆಯೇ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಇದಕ್ಕೆ ನೆಚ್ಚಬಹುದಾದ ಗುರುತು ಎಂದರೆ ಅಂಕಿಅಂಶ ಸಂಸ್ಥೆ ಇನ್ಸೆ ಕೊಡುವ ಐದು ಅಂಕಿಯ ಸಂಖ್ಯೆ. ಮೊದಲ ಎರಡು ಅಂಕಿ ಜಿಲ್ಲೆ, ಉಳಿದ ಮೂರು ಆ ಜಿಲ್ಲೆಯೊಳಗೆ ಅಕಾರಾದಿಯಲ್ಲಿ ಊರಿನ ಸ್ಥಾನ. ಗಡಿಯ ಊರು ಬೂರ್-ಮದಾಮ್ 66025, ಜಿಲ್ಲಾ ಕೇಂದ್ರ ಪೆರ್ಪಿನ್ಯಾನ್ 66136. ಈ ಸಂಖ್ಯೆ ಇದ್ದರೆ ಅದು ಕಮ್ಯೂನ್. ಇಲ್ಲದಿದ್ದರೆ ಮಜರೆ, ಬಡಾವಣೆ ಅಥವಾ ಹಿಂದೆಂದೋ ಪಕ್ಕದ ಊರಿನಲ್ಲಿ ಲೀನವಾದ ಹಳ್ಳಿ.

ಈ ಸಂಖ್ಯೆ ಊರಿನ ಚರಿತ್ರೆಯನ್ನೂ ಹೇಳುತ್ತದೆ. ಫೋನ್-ರೊಮೂ-ಓದೇಯೊ-ವಿಯಾ ಎಂಬ ಉದ್ದ ಹೆಸರಿನ ಕಮ್ಯೂನಿನ ಸಂಖ್ಯೆ 66124. ‘ಫ’ ಅಕ್ಷರದ ಊರು ‘ಓ’ ಸಾಲಿನಲ್ಲಿ ಏಕೆ ಕುಳಿತಿದೆ? ಮೂಲ ಊರು ಓದೇಯೊ. ಹೆಸರು ಅಲ್ಲಿಂದಲೇ ಶುರುವಾಗುತ್ತಿತ್ತು. ಫೋನ್-ರೊಮೂ ಎಂಬುದು ಹಿಮಕ್ರೀಡೆ ಮತ್ತು ಪ್ರವಾಸದಿಂದ ಬೆಳೆದು ಆಮೇಲೆ ಮುಂದಕ್ಕೆ ಬಂದ ಹೆಸರು. ಅಲ್ಲಿರುವ ಒಂದು ಮೆಗಾವ್ಯಾಟ್ ಶಕ್ತಿಯ ದೊಡ್ಡ ಸೌರ ಕುಲುಮೆಯನ್ನು ಜನ ಓದೇಯೊ ಕುಲುಮೆ ಎಂದೇ ಕರೆಯುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ‘ಓದೇಯೊ’ ಎಂದು ಹುಡುಕಿದವರಿಗೆ ಕಮ್ಯೂನ್ ಸಿಗುವುದಿಲ್ಲ, ಪೂರ್ತಿ ಹೆಸರು ಹಾಕಬೇಕು. ಆಂಗೂಸ್ತ್ರಿನ್-ವಿಲ್‌ನವ್-ದೆ-ಜೆಸ್ಕಾಲ್ದ್ ಕೂಡ ಎರಡು ಊರು ಸೇರಿ ಆದದ್ದು. ಅಡ್ಡಗೆರೆಗಳಿಂದ ಕೂಡಿಸಿದ ಎರಡು ಮೂರು ಊರ ಹೆಸರುಗಳು ಒಟ್ಟಿಗೆ ಕಂಡರೆ ವಿಲೀನ ನಡೆದಿರಬಹುದೆಂದು ಊಹಿಸಿ, ಪರೀಕ್ಷಿಸಿ.

ಪಿನ್‌ಕೋಡ್ ಈ ಕೆಲಸಕ್ಕೆ ಬಾರದು. ಎಲ್ಲರೂ ಮೊದಲು ಮಾಡುವ ತಪ್ಪು ಇದೇ, ಏಕೆಂದರೆ ಅದೂ ಐದಂಕಿ, ಅದೂ 66ರಿಂದಲೇ ಶುರು. ಅದು ಅಂಚೆಯವರು ಬಟವಾಡೆಯ ಅನುಕೂಲಕ್ಕೆ ಮಾಡಿಕೊಂಡದ್ದು. 66760 ಎಂದರೆ ಬೂರ್-ಮದಾಮ್ ಎಂದುಕೊಂಡರೆ ಕೆಟ್ಟಿರಿ. ಎನ್ವೇಚ್, ಲಾತೂರ್-ದ-ಕರೋಲ್, ಯೂರ್, ದೋರ್, ಪೋರ್ತಾ, ಪೋರ್ತೆ-ಪ್ಯುಮೊರಾನ್ ಎಲ್ಲಕ್ಕೂ ಅದೇ. 66800 ಸಯಾಗೂಸ್‌ಗೂ ಹೌದು, ಎರ್, ಎಸ್ತಾವಾರ್, ಯ್ಯೊ ಊರುಗಳಿಗೂ ಹೌದು. ಅರ್ಜಿಯಲ್ಲಿ ‘ಕಮ್ಯೂನ್ ಸಂಖ್ಯೆ’ ಎಂದಿದ್ದರೆ ಇನ್ಸೆ ಸಂಖ್ಯೆ, ‘ಅಂಚೆ ಸಂಖ್ಯೆ’ ಎಂದಿದ್ದರೆ ಪಿನ್‌ಕೋಡ್. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಗಣಕ ತಕರಾರು ಮಾಡದೆ ಒಪ್ಪಿಕೊಂಡು, ಕಡತವನ್ನು ಬೇರೆಯೇ ಊರಿಗೆ ಸಾಗಿಸುವ ಸಾಧ್ಯತೆ ಇದೆ.

ಲಕೋಟೆಯ ಮೇಲೆ ವಿಳಾಸ ಆರು ಸಾಲಿಗೆ ಮೀರಬಾರದು, ಒಂದೊಂದು ಸಾಲು 38 ಅಕ್ಷರದೊಳಗೆ. ಕೊನೆಯ ಸಾಲಿನಲ್ಲಿ ಪಿನ್‌ಕೋಡ್ ಮತ್ತು ಊರಿನ ಹೆಸರು ದೊಡ್ಡಕ್ಷರಗಳಲ್ಲಿ, ಅಲ್ಪವಿರಾಮ ಬೇಡ. ಮಜರೆಯ ಹೆಸರು ಅದರ ಮೇಲಿನ ಸಾಲಿಗೆ. ವಿದೇಶದಿಂದ ಕಳಿಸುವಾಗ ಮಾತ್ರ ದೇಶದ ಹೆಸರು ಎಲ್ಲದರ ಕೆಳಗೆ.

ಫಲಕ, ನಿಲ್ದಾಣ, ಹೆಸರು

ಊರೊಳಗೆ ಕಾಲಿಡುವಾಗ ರಸ್ತೆಬದಿಯಲ್ಲಿ ಬಿಳಿ ಹಲಗೆ, ಕೆಂಪು ಅಂಚು, ಕಪ್ಪು ಅಕ್ಷರದಲ್ಲಿ ಊರ ಹೆಸರು. ಅಲ್ಲಿಂದ ಬೇರೆ ಸೂಚನೆ ಇಲ್ಲದಿದ್ದರೆ ಗಂಟೆಗೆ 50 ಕಿಲೋಮೀಟರ್ ಮಿತಿ. ಊರು ಮುಗಿದ ಕಡೆ ಅದೇ ಹೆಸರಿನ ಮೇಲೆ ಕೆಂಪು ಓರೆಗೆರೆ. ಈ ಫಲಕ ಹೇಳುವುದು ಮನೆಗಳ ಗುಂಪು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು. ಕಮ್ಯೂನಿನ ಎಲ್ಲೆ ಅದರಾಚೆ ಹುಲ್ಲುಗಾವಲು ಕಾಡು ದಾಟಿ ಬೆಟ್ಟದ ತುದಿಯವರೆಗೂ ಹೋಗಿರಬಹುದು. ಓರೆಗೆರೆ ಕಂಡ ಕೂಡಲೇ ಪಕ್ಕದ ಊರಿನ ಜಮೀನು ಶುರುವಾಯಿತು ಎಂದು ತಿಳಿಯಬೇಡಿ. ಎಲ್ಲೆಯನ್ನು ನೋಡಲು ಫ್ರಾನ್ಸಿನ ಭೂಪಟ ಸಂಸ್ಥೆಯ 1:25,000 ನಕ್ಷೆಯೇ ಆಧಾರ. ಅದರಲ್ಲಿ 4 ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್.

ಹಲವು ಫಲಕಗಳಲ್ಲಿ ಎರಡು ಹೆಸರು ಇರುತ್ತವೆ, ಒಂದು ಫ್ರೆಂಚ್, ಇನ್ನೊಂದು ಕ್ಯಾಟಲಾನ್. ಸಯಾಗೂಸ್ ಮತ್ತು ಸಲ್ಲಾಗೋಜಾ ಒಂದೇ ಊರು. ಬೂರ್-ಮದಾಮ್‌ಗೆ ಕ್ಯಾಟಲಾನಿನಲ್ಲಿ ಲಾ ಗಿಂಗೆತಾ ದಿಕ್ಸ್ ಎನ್ನುತ್ತಾರೆ, ಧ್ವನಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಕಾರಣ ಇದು: ಊರಿನ ಮೊದಲ ಹೆಸರೇ ಗಿಂಗೆತ್, ಇಕ್ಸ್ ಎಂಬ ಹಳೆಯ ಹಳ್ಳಿಗೆ ಸೇರಿದ, ಗಡಿಯ ಸೇತುವೆ ಬಳಿ ಬೆಳೆದ ಮನೆಗಳ ಸಾಲು. 1815ರಲ್ಲಿ ಆಂಗುಲೇಮ್ ಡ್ಯೂಕನ ಪತ್ನಿಯ ಗೌರವಕ್ಕೆ ಫ್ರೆಂಚ್ ಹೆಸರು ಬದಲಾಯಿತು, ಆಕೆಯ ಬಿರುದು ‘ಮದಾಮ್’. ಕ್ಯಾಟಲಾನ್ ಜನರ ಬಾಯಲ್ಲಿ ಹಳೆಯದೇ ಉಳಿಯಿತು. ಹದಿನೆಂಟನೇ ಶತಮಾನದ ಕಾಗದದಲ್ಲಿ ಬೂರ್-ಮದಾಮ್ ಹುಡುಕಿದರೆ ಸಿಗದು. ಇಕ್ಸ್ ಎಂದು ಹುಡುಕಿ.

ರೈಲು ನಿಲ್ದಾಣದ ಹೆಸರನ್ನು ವಿಳಾಸವಾಗಿ ಬಳಸಬೇಡಿ. ಲಾತೂರ್-ದ-ಕರೋಲ್-ಎನ್ವೇಚ್ ನಿಲ್ದಾಣವನ್ನೇ ನೋಡಿ. ಹೆಸರಿನಲ್ಲಿ ಲಾತೂರ್ ಮುಂದಿದೆ, ಕಟ್ಟಡ ನಿಂತಿರುವುದು ಎನ್ವೇಚ್ ಕಮ್ಯೂನಿನಲ್ಲಿ. ಅಲ್ಲಿ ಮೂರು ಅಳತೆಯ ಹಳಿಗಳು ಬಂದು ಸೇರುತ್ತವೆ: ವಿಲ್‌ಫ್ರಾಂಶ್-ದ-ಕೋಂಫ್ಲಾನ್‌ನಿಂದ 63 ಕಿಲೋಮೀಟರ್ ಏರಿಳಿದು ಬರುವ ಹಳದಿ ರೈಲಿನ 1,000 ಮಿಲಿಮೀಟರ್ ಹಳಿ, ತುಲೂಸ್ ಕಡೆಯ 1,435ರ ಹಳಿ, ಬಾರ್ಸಿಲೋನಾ ಕಡೆಯ 1,668ರ ಹಳಿ. ಒಂದರ ಬೋಗಿ ಇನ್ನೊಂದರ ಮೇಲೆ ಓಡದು. ಆದ್ದರಿಂದ ಎತ್ತ ಹೋಗುವುದಿದ್ದರೂ ಇಲ್ಲಿ ಇಳಿದು ರೈಲು ಬದಲಿಸಲೇಬೇಕು. ಮೂರು ವೇಳಾಪಟ್ಟಿಗಳು ಒಂದಕ್ಕೊಂದು ಕಾಯುತ್ತವೆ ಎಂದು ನಂಬದೆ, ನಡುವೆ ಬಿಡುವು ಇಟ್ಟುಕೊಳ್ಳಿ. ನಿಲ್ದಾಣದ ಬಳಿ ಏನಾದರೂ ಕಳೆದುಹೋಗಿ ಊರಿನ ಕಚೇರಿಯಲ್ಲಿ ವಿಚಾರಿಸುವುದಿದ್ದರೆ ಎನ್ವೇಚ್‌ಗೇ ಹೋಗಬೇಕು.

ಮೇಲಿನ ಪದರಗಳಿಗೆ ಕನ್ನಡದ ಜೋಡಿ

ಇಲ್ಲಿ ಹೋಬಳಿ ತಾಲೂಕು ಎಂಬ ನಮ್ಮ ಏಣಿಯನ್ನು ಹಾಗೇ ತಂದು ನಿಲ್ಲಿಸಿದರೆ ಮೆಟ್ಟಿಲು ತಪ್ಪುತ್ತದೆ. ಕ್ಯಾಂಟನ್ ಎಂದರೆ ಹೋಬಳಿ ಎಂದು ಅನುವಾದಿಸುವವರು ಬಹಳ. ಈಗಿನ ಮಟ್ಟಿಗೆ ಅದಕ್ಕೆ ಸರಿಯಾದ ಜೋಡಿ ಜಿಲ್ಲಾ ಪಂಚಾಯಿತಿಯ ಚುನಾವಣಾ ಕ್ಷೇತ್ರ. ಅದಕ್ಕೆ ಕಚೇರಿ ಇಲ್ಲ, ಅಧಿಕಾರಿ ಇಲ್ಲ, ಬಜೆಟ್ ಇಲ್ಲ. ಪ್ರತಿ ಕ್ಯಾಂಟನ್ ಜಿಲ್ಲಾ ಮಂಡಳಿಗೆ ಒಬ್ಬ ಪುರುಷ, ಒಬ್ಬ ಮಹಿಳೆ, ಹೀಗೆ ಜೋಡಿಯನ್ನು ಆರು ವರ್ಷಕ್ಕೆ ಆರಿಸುತ್ತದೆ. 2013ರ ಕಾನೂನು ದೇಶದ ಕ್ಯಾಂಟನ್‌ಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು, 2015ರ ಮಾರ್ಚ್ ಚುನಾವಣೆಯಿಂದ ಜಾರಿ. ಈ ಜಿಲ್ಲೆಯಲ್ಲಿ 31 ಇದ್ದದ್ದು 17 ಆಯಿತು. ಸಯಾಗೂಸ್ ಕ್ಯಾಂಟನ್, ಮೋನ್-ಲೂಯಿ ಕ್ಯಾಂಟನ್ ಎಂಬ ಹಳೆಯ ಹೆಸರುಗಳು ಹೋಗಿ, ಸೆರ್ದಾನ್ಯದ ಊರುಗಳೆಲ್ಲ ಈಗ ‘ಪಿರೆನೆ ಕಾತಲಾನ್’ ಎಂಬ ದೊಡ್ಡ ಕ್ಯಾಂಟನ್ನಿನೊಳಗಿವೆ. ಹಳೆಯ ಪುಸ್ತಕ, ಹಳೆಯ ಕ್ರಯಪತ್ರ, ವಂಶಾವಳಿಯ ತಾಣಗಳಲ್ಲಿ ‘ಸಯಾಗೂಸ್ ಕ್ಯಾಂಟನ್’ ಕಂಡರೆ ತಪ್ಪೆಂದು ತಿದ್ದಬೇಡಿ. ಆ ಕಾಲಕ್ಕೆ ಅದು ಸರಿ. ಇಂದಿನ ಅರ್ಜಿಯಲ್ಲಿ ಮಾತ್ರ ಅದನ್ನು ಬರೆಯಬೇಡಿ.

ಅದರ ಮೇಲೆ ಅರೊಂದಿಸ್ಮಾನ್. ಇದು ತಾಲೂಕಲ್ಲ, ನಮ್ಮ ಉಪವಿಭಾಗ. ಉಪವಿಭಾಗಾಧಿಕಾರಿಯಂತೆ ಅಲ್ಲೊಬ್ಬ ಉಪ ಪ್ರಿಫೆಕ್ಟ್ ಕುಳಿತಿರುತ್ತಾರೆ. 1800ರಿಂದ ಇರುವ ವ್ಯವಸ್ಥೆ. ಈ ಜಿಲ್ಲೆಗೆ ಮೂರು: ಪೆರ್ಪಿನ್ಯಾನ್, ಸೆರೆ, ಪ್ರಾದ್. ಸೆರ್ದಾನ್ಯ ಪೂರ್ತಿ ಪ್ರಾದ್‌ಗೆ ಸೇರಿದೆ. ಜಿಲ್ಲೆಗೆ ದೆಪಾರ್ತಮಾನ್ ಎನ್ನುತ್ತಾರೆ. ಅಲ್ಲಿ ಇಬ್ಬರು ಯಜಮಾನರು: ಸರ್ಕಾರ ನೇಮಿಸಿದ ಪ್ರಿಫೆಕ್ಟ್, ನಮ್ಮ ಜಿಲ್ಲಾಧಿಕಾರಿಯ ಹಾಗೆ, ಮತ್ತು ಚುನಾಯಿತ ಜಿಲ್ಲಾ ಮಂಡಳಿ, ಜಿಲ್ಲಾ ಪಂಚಾಯಿತಿಯ ಹಾಗೆ. ಎರಡೂ ಪೆರ್ಪಿನ್ಯಾನ್‌ನಲ್ಲೇ ಇವೆ, ಆದರೆ ಕಟ್ಟಡ ಬೇರೆ, ಕೆಲಸ ಬೇರೆ. ‘ಜಿಲ್ಲಾ ಕಚೇರಿ’ ಎಂದಷ್ಟೇ ಕೇಳಿದರೆ ಯಾವುದಕ್ಕೆ ಕಳಿಸುತ್ತಾರೋ ಹೇಳಲಾಗದು, ಹೆಸರಿಟ್ಟು ಕೇಳಿ. ಎಲ್ಲಕ್ಕೂ ಮೇಲೆ ಒಕ್ಸಿತಾನಿ ಪ್ರಾಂತ್ಯ, ರಾಜಧಾನಿ ತುಲೂಸ್. 2016ಕ್ಕೂ ಮುಂಚೆ ಲಾಂಗದೋಕ್-ರೂಸಿಯೋನ್ ಪ್ರಾಂತ್ಯ ಇತ್ತು. ಹಳೆಯ ಫಲಕ, ಹಳೆಯ ನಮೂನೆಗಳಲ್ಲಿ ಇನ್ನೂ ಆ ಹೆಸರು ಸಿಗುತ್ತದೆ.

ಕನ್ನಡದಲ್ಲಿ ಜೋಡಿ ಸಿಗದ ಪದರ ಒಂದಿದೆ: ಕಮ್ಯೂನ್‌ಗಳ ಕೂಟ. ಕಸ ವಿಲೇವಾರಿ, ಪ್ರವಾಸೋದ್ಯಮ, ಆರ್ಥಿಕ ಅಭಿವೃದ್ಧಿಯಂಥ ಒಂಟಿ ಹಳ್ಳಿಗೆ ನಿಭಾಯಿಸಲಾಗದ ಕೆಲಸಗಳನ್ನು ಹಲವು ಊರು ಕೂಡಿ ಮಾಡುವ ಸಂಸ್ಥೆ ಇದು. ತನ್ನದೇ ತೆರಿಗೆಯನ್ನೂ ಎತ್ತುತ್ತದೆ. 2015ರ ಕಾನೂನು ಕೂಟಕ್ಕೆ ಕನಿಷ್ಠ 15,000 ಜನ ಎಂದಿತು, ಬೆಟ್ಟದ ಸೀಮೆಗೆ 5,000ದವರೆಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಇಲ್ಲದಿದ್ದರೆ ಈ ಬಯಲಿನ ಊರುಗಳು ಕಣಿವೆಯ ಕೆಳಗಿನವರ ಜತೆ ಸೇರಿ ಹೋಗಬೇಕಿತ್ತು. ಸೆರ್ದಾನ್ಯದ ಹೆಚ್ಚಿನ ಊರುಗಳ ಕೂಟಕ್ಕೆ ಪಿರೆನೆ-ಸೆರ್ದಾನ್ಯ ಎಂದು ಹೆಸರು, ಕೇಂದ್ರ ಸಯಾಗೂಸ್. ಪಕ್ಕದಲ್ಲೇ ‘ಪಿರೆನೆ ಕಾತಲಾನ್’ ಎಂಬ ಇನ್ನೊಂದು ಕೂಟವಿದೆ. ಈಗ ಗಮನವಿಟ್ಟು ನೋಡಿ: ಆ ಹೆಸರಿನ ಕ್ಯಾಂಟನ್ ಇದೆ, ಆ ಹೆಸರಿನ ಕೂಟ ಇದೆ, ಅದೇ ಹೆಸರಿನಲ್ಲಿ 2004ರಿಂದ ಒಂದು ನಿಸರ್ಗ ಉದ್ಯಾನವೂ ಇದೆ. ಮೂರರ ಎಲ್ಲೆಯೂ ಬೇರೆ ಬೇರೆ. ‘ಪಿರೆನೆ ಕಾತಲಾನ್‌ಗೆ ಸೇರಿದ ಊರು’ ಎಂದು ಯಾರಾದರೂ ಹೇಳಿದರೆ ಮೂರರಲ್ಲಿ ಯಾವುದು ಎಂದು ಕೇಳದೆ ಮುಂದೆ ಹೋಗಬೇಡಿ.

ಸೆರ್ದಾನ್ಯ, ಕಪ್ಸೀರ್, ಕೋಂಫ್ಲಾನ್ ಎಂಬುವು ಸೀಮೆಯ ಹೆಸರುಗಳು. ನಾವು ಮಲೆನಾಡು, ಬಯಲುಸೀಮೆ ಎಂದಂತೆ. ಜನರ ಮಾತಿಗೆ ಅವು ಪ್ರಾಣ, ಅರ್ಜಿಗೆ ಪ್ರಯೋಜನವಿಲ್ಲ.

ಕೆಲಸಕ್ಕೆ ತಕ್ಕ ಬಾಗಿಲು

ಊರಿನ ಮೇಯರ್ ಕಚೇರಿ ಎಷ್ಟೋ ಕೆಲಸಕ್ಕೆ ಮೊದಲ ಬಾಗಿಲು, ಆದರೆ ಸಣ್ಣ ಊರುಗಳಲ್ಲಿ ವಾರಕ್ಕೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಸರ್ವಿಸ್-ಪಬ್ಲಿಕ್ ಎಂಬ ಸರ್ಕಾರಿ ತಾಣದಲ್ಲಿ ಕಮ್ಯೂನಿನ ಹೆಸರು ಹಾಕಿದರೆ ವೇಳೆ, ದೂರವಾಣಿ ಸಿಗುತ್ತವೆ. ಹೋಗುವ ಮುಂಚೆ ಫೋನ್ ಮಾಡಿ.

ಭಾರತದಿಂದ ಬಂಧುಗಳು ಬಂದು ಮನೆಯಲ್ಲೇ ಉಳಿಯುವುದಾದರೆ, ಮೂರು ತಿಂಗಳೊಳಗಿನ ಭೇಟಿಗೆ ವೀಸಾ ಅರ್ಜಿಯ ಜತೆ ವಸತಿ ದೃಢೀಕರಣ ಬೇಕು. ಅದನ್ನು ಕೊಡುವುದು ಪ್ರಿಫೆಕ್ಟ್ ಅಲ್ಲ, ಆತಿಥೇಯರು ವಾಸವಿರುವ ಕಮ್ಯೂನಿನ ಮೇಯರ್. ಆತಿಥೇಯರೇ ಖುದ್ದಾಗಿ ಹೋಗಬೇಕು: ಗುರುತಿನ ಚೀಟಿ ಅಥವಾ ವಾಸದ ಪರವಾನಗಿ, ಮನೆ ತಮ್ಮದು ಅಥವಾ ಬಾಡಿಗೆಯದು ಎಂಬ ಪುರಾವೆ, ಮನೆಯಲ್ಲಿ ಜಾಗ ಎಷ್ಟಿದೆ ಎಂಬ ವಿವರ, ಆದಾಯದ ಪುರಾವೆ, 30 ಯೂರೋ ತೆರಿಗೆ ಚೀಟಿ. ಅರ್ಜಿ ತಿರಸ್ಕಾರವಾದರೂ ಆ ಹಣ ವಾಪಸ್ ಬರುವುದಿಲ್ಲ. ಸಹಿಯಾದ ಮೂಲ ಪ್ರತಿಯನ್ನೇ ಭಾರತದ ಬಂಧುಗಳಿಗೆ ಕಳಿಸಬೇಕು, ಅದು ಅಂಚೆಯಲ್ಲಿ ಬರುವ ದಿನಗಳನ್ನೂ ವೀಸಾ ಸಂದರ್ಶನದ ಲೆಕ್ಕದಲ್ಲಿ ಹಿಡಿಯಿರಿ. ಇಲ್ಲಿ ಕೆಡುವುದು ಸಾಮಾನ್ಯವಾಗಿ ವಿಳಾಸದಿಂದಲೇ. ಬಾಡಿಗೆ ಕರಾರಿನಲ್ಲಿ ಮಜರೆಯ ಹೆಸರು, ವಿದ್ಯುತ್ ಬಿಲ್ಲಿನಲ್ಲಿ ಕಮ್ಯೂನಿನ ಹೆಸರು ಇದ್ದರೆ ಎರಡೂ ಒಂದೇ ಮನೆ ಎಂದು ತೋರಿಸಬೇಕಾಗುತ್ತದೆ. ಎರಡನ್ನೂ ಮೊದಲೇ ಒಂದೇ ರೀತಿ ಬರೆಸಿಟ್ಟುಕೊಂಡರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಆತಿಥೇಯರ ಸ್ವಂತ ವಾಸ ಪರವಾನಗಿಯ ವಿಷಯ ಮಾತ್ರ ಪ್ರಿಫೆಕ್ಟರ ಕಚೇರಿಯಾದ ಪ್ರಿಫೆಕ್ಚರ್‌ಗೆ ಸೇರಿದ್ದು.

ಜನನ, ವಿವಾಹ, ಮರಣದ ದಾಖಲೆ ಘಟನೆ ನಡೆದ ಕಮ್ಯೂನಿನಲ್ಲಿ ಇರುತ್ತದೆ, ವ್ಯಕ್ತಿ ವಾಸವಿದ್ದ ಊರಲ್ಲಲ್ಲ. ಪ್ರತಿಗೆ ಶುಲ್ಕವಿಲ್ಲ. ಮರಣ ದಾಖಲೆ ಯಾರು ಕೇಳಿದರೂ ಸಿಗುತ್ತದೆ. ಜನನ ಮತ್ತು ವಿವಾಹದ ಪೂರ್ಣ ಪ್ರತಿ 75 ವರ್ಷ ತುಂಬುವವರೆಗೆ ಸಂಬಂಧಪಟ್ಟವರಿಗೆ ಮತ್ತು ಹತ್ತಿರದ ಕುಟುಂಬಕ್ಕೆ ಮಾತ್ರ. 1792ರ ಸೆಪ್ಟೆಂಬರ್ 20ರ ಕಾನೂನಿಗಿಂತ ಹಿಂದಿನದಾದರೆ ಚರ್ಚಿನ ದೀಕ್ಷೆ, ಮದುವೆ, ಸಮಾಧಿ ಪುಸ್ತಕಗಳನ್ನು ನೋಡಬೇಕು. ಅವನ್ನು ಪೆರ್ಪಿನ್ಯಾನ್‌ನ ಜಿಲ್ಲಾ ಪತ್ರಾಗಾರದಲ್ಲಿ ಕೇಳಿ.

ಜಮೀನಿಗೆ ನಮ್ಮ ಸರ್ವೆ ನಂಬರಿನಂತೆ ಅಲ್ಲೂ ಸಂಖ್ಯೆ ಇದೆ: ಒಂದೆರಡು ಅಕ್ಷರದ ವಿಭಾಗ, ಅದರ ಮುಂದೆ ತುಂಡಿನ ಸಂಖ್ಯೆ. ವಿಲೀನವಾದ ಊರುಗಳಲ್ಲಿ ಇದರ ಮುಂದೆ ಮೂರಂಕಿಯ ಪೂರ್ವಪದ ಬರುತ್ತದೆ, ಅದು ಲೀನವಾದ ಹಳೆಯ ಕಮ್ಯೂನಿನ ಸಂಖ್ಯೆ. ಸಾಮಾನ್ಯ ಊರಲ್ಲಿ 000. ಇದನ್ನು ಬಿಟ್ಟು ಬರೆದರೆ ಅದೇ ಅಕ್ಷರ, ಅದೇ ಸಂಖ್ಯೆಯ ಎರಡು ತುಂಡುಗಳು ಒಂದೇ ಕಮ್ಯೂನಿನಲ್ಲಿ ಸಿಕ್ಕು ಗೊಂದಲವಾಗುತ್ತದೆ. ಈ ಪಟ್ಟಿ ತೆರಿಗೆಗಾಗಿ ಮಾಡಿದ್ದು. ಪಹಣಿಯಂತೆ ಇದೂ ಒಡೆತನಕ್ಕೆ ಕೊನೆಯ ಪುರಾವೆಯಲ್ಲ, ನೋಟರಿಯ ಮುಂದೆ ಆದ ಪತ್ರ ಬೇಕು. ಮನೆಗೆ ಏನಾದರೂ ಸೇರಿಸಿ ಕಟ್ಟುವುದಿದ್ದರೆ ಅರ್ಜಿ ಜಮೀನು ಇರುವ ಕಮ್ಯೂನಿಗೆ: 5ರಿಂದ 20 ಚದರ ಮೀಟರ್‌ವರೆಗೆ ಸಾಮಾನ್ಯವಾಗಿ ಮುಂಚಿತ ಘೋಷಣೆ, ಅವಧಿ ಒಂದು ತಿಂಗಳು, ಅದಕ್ಕೂ ಮೇಲೆ ಪರವಾನಗಿ, ಒಂಟಿ ಮನೆಗೆ ಎರಡು ತಿಂಗಳು. ಹಳೆಯ ಚರ್ಚಿನಂಥ ಸಂರಕ್ಷಿತ ಕಟ್ಟಡ ಹತ್ತಿರವಿದ್ದರೆ ಅವಧಿ ಉದ್ದವಾಗುತ್ತದೆ.

ಚಳಿಗಾಲದಲ್ಲಿ ಮುಖ್ಯವಾಗುವುದು ರಸ್ತೆ ಯಾರದು ಎಂಬುದು. ರಸ್ತೆಯ ಹೆಸರಿನ ಮೊದಲ ಅಕ್ಷರ ನೋಡಿ. ‘ಎನ್’ ಎಂದಿದ್ದರೆ ದೇಶದ್ದು: ಪೆರ್ಪಿನ್ಯಾನ್‌ನಿಂದ ಪ್ರಾದ್, ಮೋನ್-ಲೂಯಿ, ಸಯಾಗೂಸ್ ಮೂಲಕ ಬೂರ್-ಮದಾಮ್‌ಗೆ ಬರುವ ಎನ್ 116, ಉತ್ತರದಿಂದ ಪ್ಯುಮೊರಾನ್ ಘಟ್ಟ ದಾಟಿ ಇಳಿಯುವ ಎನ್ 20. ‘ಡಿ’ ಎಂದಿದ್ದರೆ ಜಿಲ್ಲಾ ಮಂಡಳಿಯದು. ಊರೊಳಗಿನ ಓಣಿ ಕಮ್ಯೂನಿನದು. ಹಳೆಯ ಕಿಲೋಮೀಟರ್ ಕಲ್ಲುಗಳಲ್ಲಿ ದೇಶದ ರಸ್ತೆಗೆ ಕೆಂಪು ತಲೆ, ಜಿಲ್ಲೆಯದಕ್ಕೆ ಹಳದಿ ತಲೆ. ಹಿಮ ತೆಗೆಯುವವರೂ ಅದೇ ಲೆಕ್ಕದಲ್ಲಿ ಬೇರೆ ಬೇರೆ. ಹೆದ್ದಾರಿ ತೆರೆದಿದೆ ಎಂಬ ಸುದ್ದಿಯಿಂದ ನಿಮ್ಮ ಮನೆಯ ಓಣಿ ತೆರೆದಿದೆ ಎಂದಾಗದು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಪ್ರಿಫೆಕ್ಟ್ ಪಟ್ಟಿ ಮಾಡಿದ ಕಮ್ಯೂನ್‌ಗಳಲ್ಲಿ ಕಾರಿಗೆ ನಾಲ್ಕೂ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಎರಡು ಚಾಲಕ ಚಕ್ರಗಳಿಗೆ ಆಗುವ ಸರಪಳಿ ಅಥವಾ ಹಿಮದ ಬಟ್ಟೆಹೊದಿಕೆ ಕಾರಿನಲ್ಲಿರಬೇಕು. 2024ರ ನವೆಂಬರಿನಿಂದ ಟೈರಿನ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಲೇಬೇಕು. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂಬ ಹಳೆಯ ಗುರುತು ಸಾಲದು. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಕೈಯಿಂದ ಮುಟ್ಟಿ ಈ ಗುರುತು ನೋಡಿಕೊಳ್ಳಿ. ಬೆಟ್ಟದ ಕೆಳಗಿನ ನಗರದಲ್ಲಿ ಕೊಟ್ಟ ಕಾರಿನಲ್ಲಿ ಅದು ಇರುತ್ತದೆಂಬ ಖಾತ್ರಿ ಇಲ್ಲ.

ಪ್ರಾಥಮಿಕ ಶಾಲೆಯ ಕಟ್ಟಡ ಕಮ್ಯೂನಿನದು, ಮಾಧ್ಯಮಿಕ ಜಿಲ್ಲೆಯದು, ಅದರ ಮೇಲಿನದು ಪ್ರಾಂತ್ಯದ್ದು. ಶಾಲಾ ಬಸ್ಸೂ ಪ್ರಾಂತ್ಯದ್ದೇ. ಕುಡಿಯುವ ನೀರು ಊರಿಂದ ಊರಿಗೆ ಬೇರೆ, ಹಳೆಯ ಬಿಲ್ಲಿನ ತಲೆಬರಹ ನೋಡುವುದೇ ಸುಲಭದ ದಾರಿ. ಬೆಟ್ಟದಲ್ಲಿ ಅಪಘಾತವಾದರೆ ಕಚೇರಿ ಯಾವುದೆಂದು ಯೋಚಿಸುತ್ತ ನಿಲ್ಲಬೇಡಿ, 112 ಒತ್ತಿ. ಸೆರ್ದಾನ್ಯದ ಒಸ್ಸೇಜಾದಲ್ಲಿ ಜಾಂದಾರ್ಮ್ರಿ ಎಂಬ ಪೊಲೀಸ್ ಪಡೆಯ ಪರ್ವತ ರಕ್ಷಣಾ ದಳವಿದೆ.

ಫ್ರಾನ್ಸಿನ ನಡುವೆ ಸ್ಪೇನಿನ ಊರು

ನಕ್ಷೆ ನೋಡುವಾಗ ಕಣ್ಣಿಗೆ ಕಾಣದ ದೊಡ್ಡ ಹೊಂಡ ಎಂದರೆ ಲ್ಯೀವಿಯಾ. ಸುತ್ತಲೂ ಫ್ರಾನ್ಸಿನ ಕಮ್ಯೂನ್‌ಗಳು, ನಡುವೆ ಸುಮಾರು 13 ಚದರ ಕಿಲೋಮೀಟರ್ ಸ್ಪೇನ್. 1659ರ ಒಪ್ಪಂದದ ಮುಂದುವರಿಕೆಯಾಗಿ 1660ರ ನವೆಂಬರಿನಲ್ಲಿ ಎರಡೂ ಕಡೆಯವರು ಲ್ಯೀವಿಯಾದಲ್ಲೇ ಕೂತು ಫ್ರಾನ್ಸಿಗೆ ಸೇರಬೇಕಾದ 33 ಹಳ್ಳಿಗಳನ್ನು ಪಟ್ಟಿ ಮಾಡಿದರು. ಪಟ್ಟಿಗೆ ಬೇಕಾದದ್ದು ‘ಹಳ್ಳಿ’. ಲ್ಯೀವಿಯಾಗೆ ‘ಪಟ್ಟಣ’ದ ಸ್ಥಾನಮಾನ ಇದ್ದುದರಿಂದ ಅದು ಸ್ಪೇನಿಗೇ ಉಳಿಯಿತು. ಒಂದು ಪದ ಗಡಿಯನ್ನೇ ಎಳೆದುಬಿಟ್ಟಿತು. ಕಲ್ಲು ನೆಟ್ಟು ಗಡಿಯನ್ನು ಗಟ್ಟಿ ಮಾಡಿದ್ದು 1866ರ ಬಯೋನ್ ಒಪ್ಪಂದ. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ವರೆಗೆ ಪಿರೆನೀಸ್ ಗಡಿಕಲ್ಲುಗಳು 1ರಿಂದ 602. ಲ್ಯೀವಿಯಾದ ಸುತ್ತಿನ ಕಲ್ಲುಗಳಿಗೆ ಬೇರೆಯದೇ ಸಂಖ್ಯಾಕ್ರಮ. ನಡೆದು ಹೋಗುವಾಗ ಕಲ್ಲಿನ ಸಂಖ್ಯೆ ಇದ್ದಕ್ಕಿದ್ದಂತೆ ಚಿಕ್ಕದಾದರೆ ನೀವು ಆ ವರ್ತುಲದ ಬಳಿ ಇದ್ದೀರಿ ಎಂದರ್ಥ.

ಎಸ್ತಾವಾರ್‌ನಿಂದ ಲ್ಯೀವಿಯಾಗೆ ಕಾಲ್ನಡಿಗೆಯಲ್ಲಿ ಹೋಗಬಹುದು, ಆದರೆ ಕಾಗದ ಕಳಿಸಿದರೆ ಅದು ವಿದೇಶಿ ಅಂಚೆ. ಪಿನ್‌ಕೋಡ್ 17527, ಜಿರೋನಾ ಪ್ರಾಂತ್ಯ. ದೂರವಾಣಿಗೆ ದೇಶದ ಸಂಖ್ಯೆ 34, ಫ್ರಾನ್ಸಿನ ಕಡೆಗೆ 33. ಮೊಬೈಲು ಎರಡು ದೇಶದ ಗೋಪುರಗಳ ನಡುವೆ ತಾನಾಗಿಯೇ ಜಿಗಿಯುತ್ತದೆ. ಯುರೋಪಿನ ಸಿಮ್ ಇದ್ದರೆ 2017ರಿಂದ ಹೆಚ್ಚಿನ ಹೊರೆ ಇಲ್ಲ; ಭಾರತದ ಸಿಮ್‌ಗೆ ಒಂದೇ ದೇಶದ ರೋಮಿಂಗ್ ಹಾಕಿಸಿದ್ದರೆ ಜಾಲವನ್ನು ಕೈಯಿಂದಲೇ ಆಯ್ಕೆ ಮಾಡಿ ಕಟ್ಟಿಹಾಕಿ. ಇನ್ನೊಂದು ತೊಡಕು ಸ್ಪೇನ್ ಕಡೆಯದು: ಅಲ್ಲಿನ ಸೆರ್ದಾನ್ಯ ಸೀಮೆಯೇ ಎರಡು ಪ್ರಾಂತ್ಯಗಳಲ್ಲಿ ಹಂಚಿಹೋಗಿದೆ, ಪೂರ್ವದ ಊರುಗಳು ಜಿರೋನಾಗೆ, ಪಶ್ಚಿಮದವು ಲೇಯ್ದಾಗೆ. ವಿಳಾಸದಲ್ಲಿ ಪ್ರಾಂತ್ಯ ಬರೆಯುವ ಮುನ್ನ ನೋಡಿಕೊಳ್ಳಿ.

ಆಸ್ಪತ್ರೆಯ ಮಟ್ಟಿಗೆ ಗಡಿ ಕರಗಿದೆ. ಸ್ಪೇನಿನ ಪುಚ್ಸೆರ್ದಾದಲ್ಲಿ, ಬೂರ್-ಮದಾಮ್ ಸೇತುವೆಯಾಚೆ, 2014ರಿಂದ ಎರಡು ದೇಶಗಳು ಕೂಡಿ ನಡೆಸುವ ಆಸ್ಪತ್ರೆ ಇದೆ. ಫ್ರಾನ್ಸಿನ ಹಳ್ಳಿಯವರಿಗೂ ಹತ್ತಿರದ್ದು ಅದೇ. ವಿಮೆಯ ಕಾಗದದಲ್ಲಿ ‘ಫ್ರಾನ್ಸ್ ಮಾತ್ರ’ ಎಂದಿದೆಯೇ ಎಂದು ಹೊರಡುವ ಮೊದಲೇ ಓದಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ ಶೆಂಗೆನ್; ಅದರ ಪೂರ್ತಿಗೆ ಅನ್ವಯಿಸುವ, ಕನಿಷ್ಠ 30,000 ಯೂರೋ ಮೊತ್ತದ ವಿಮೆ ವೀಸಾಕ್ಕೂ ಬೇಕು.

ಶೆಂಗೆನ್ ವೀಸಾ ಇದ್ದರೆ ಪುಚ್ಸೆರ್ದಾ, ಲ್ಯೀವಿಯಾಗಳಿಗೆ ಹೋಗಿಬರಲು ಬೇರೆ ವೀಸಾ ಬೇಡ. ಆದರೂ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಫ್ರಾನ್ಸ್ ಗಡಿ ತಪಾಸಣೆ ನಡೆಸುತ್ತಿರುತ್ತದೆ. ಪಕ್ಕದ ಪುಟ್ಟ ದೇಶ ಅಂಡೋರಾದ ವಿಷಯ ಬೇರೆ. ಪೋರ್ತೆ-ಪ್ಯುಮೊರಾನ್‌ನಿಂದ ಸ್ವಲ್ಪ ಹೊತ್ತಿನ ದಾರಿ, ತೆರಿಗೆ ಕಡಿಮೆ ಎಂದು ಜನ ಅಲ್ಲಿಗೆ ಪೇಟೆಗೆ ಹೋಗುತ್ತಾರೆ. ಆ ದೇಶ ಶೆಂಗೆನ್‌ನಲ್ಲಿಲ್ಲ, ಅಲ್ಲಿಗೆ ಕಾಲಿಟ್ಟರೆ ಶೆಂಗೆನ್‌ನಿಂದ ಹೊರಬಂದ ಹಾಗೆ. ಒಮ್ಮೆ ಮಾತ್ರ ಪ್ರವೇಶದ ವೀಸಾದಲ್ಲಿ ಹೋದವರಿಗೆ ಮರಳಿ ಫ್ರಾನ್ಸಿಗೆ ಬರಲು ಹಕ್ಕು ಉಳಿಯುವುದಿಲ್ಲ. ತಂದೆತಾಯಿಯನ್ನು ಕರೆಸುವಾಗ ಅರ್ಜಿಯಲ್ಲಿ ಎರಡು ಅಥವಾ ಹಲವು ಪ್ರವೇಶ ಎಂದು ಕೇಳಿ, ವೀಸಾ ಬಂದ ದಿನವೇ ಅದರ ಮೇಲೆ ಪ್ರವೇಶಗಳ ಸಂಖ್ಯೆ ಎಷ್ಟೆಂದು ಓದಿ. ಒಂದೇ ಎಂದಿದ್ದರೆ ಪೋರ್ತೆಯ ಮೇಲಿನ ತಿರುವಿನಲ್ಲಿ ಅಂಡೋರಾ ಫಲಕ ಕಂಡ ಕಡೆ ಗಾಡಿ ತಿರುಗಿಸಿ.